ಬಿಟ್ಟುಹೋದವನ ತಾಯಿಯ ದೋಣಿ

ಮಾರ್ಚ್ 2, ಭಾನುವಾರ

ಗಾರ್ಲಂಡ್ ಹೋದ. ಸತ್ತುಹೋಗಿದ್ದರೆ ಚರ್ಚಿನ ಹೆಂಗಸರು ಸಾಲಾಗಿ ಬಂದು, ಅಡುಗೆ ತುಂಬಿದ ಪಾತ್ರೆಗಳನ್ನಿಟ್ಟು, ತಬ್ಬಿಕೊಂಡು ಅತ್ತು ಹೋಗುತ್ತಿದ್ದರು. ಗಂಡ ಬಿಟ್ಟುಹೋದವಳ ಮನೆಗೆ ಯಾರೂ ಒಂದು ತುಂಡು ಕೇಕನ್ನೂ ತರುವುದಿಲ್ಲ. ಇವತ್ತು ಚರ್ಚಿನಲ್ಲಿ ಮಾತಾಡಿಸಿದವರೆಲ್ಲ ನನ್ನ ಬೂಟು ನೋಡಿಕೊಂಡೇ ಮಾತಾಡಿಸಿದರು.

ಹೆದ್ದಾರಿ ಪಕ್ಕದ ಗಾಳದ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುವ ಟ್ರೀನಾ ಜೊತೆ ಹೋಗಿದ್ದಾನೆ. ಹೋಗುವಾಗ ದೊಡ್ಡ ದೋಣಿ, ದೊಡ್ಡ ಟ್ರಕ್ಕು, ಪೊರಕೆ ಕೋಲಿನಷ್ಟು ದಪ್ಪದ ತನ್ನ ಗಾಳದ ಕೋಲುಗಳು, ಮುಂದಿನ ಕೋಣೆಯ ಟೀವಿ, ಎಲ್ಲವನ್ನೂ ಒಯ್ದ. ಬಿಟ್ಟದ್ದು ನನ್ನನ್ನು ಮತ್ತು ತನ್ನ ತಾಯಿಯನ್ನು.

ಮನೆ ತಾಯಿಯದು. ನಾನು ಈ ಮನೆಗೆ ಬಂದದ್ದು ಮದುವೆಯಾಗಿ. ಆ ಮದುವೆಯೇ ಈಗಿಲ್ಲ. ಶಾಲೆ ಮುಚ್ಚುವುದು ಮೇ ಕೊನೆಗೆ. ಅಲ್ಲಿಯವರೆಗೆ ಶಾಲೆಯ ಬಸ್ಸು ಓಡಿಸಲೇಬೇಕು, ಮಾತು ಕೊಟ್ಟಿದ್ದೇನೆ. ಆಮೇಲೆ ನಾಕ್ಸ್‌ವಿಲ್‌ನಲ್ಲಿರುವ ತಂಗಿ ನಾಡೀನ್ ಮನೆಗೆ. ಅಷ್ಟು ದಿನ ಅವನನ್ನು ಹೆತ್ತವಳ ಎದುರಿಗೆ ಕೂತು ಊಟ ಮಾಡಬೇಕು.

ಅವನ ತಾಯಿ ಓಪಲ್‌ಗೆ ಎಪ್ಪತ್ತು ದಾಟಿದೆ. ಹೋದ ಶರತ್ಕಾಲದಲ್ಲಿ ಬಿದ್ದು ಸೊಂಟ ಮುರಿದುಕೊಂಡಳು, ಕೋಲೂರಿ ನಡೆಯುತ್ತಾಳೆ. ಮಗ ಮನೆ ಬಿಟ್ಟು ಹೋದ ಬಗ್ಗೆ ಈವರೆಗೆ ಒಂದು ಮಾತಾಡಿಲ್ಲ. ಇವತ್ತು ಹುರುಳಿಕಾಯಿ ಮುರಿಯುತ್ತ, “ಚಳಿ ಹಿಂದೆ ಸರೀತಾ ಇದೆ” ಅಂದಳು. ನಾನು ತೊಳೆಯುತ್ತಿದ್ದ ತಟ್ಟೆಯನ್ನು ಬೇಕೆಂದೇ ಜೋರಾಗಿ ಇಟ್ಟೆ. ಒಡೆಯಿತು. ಅದಕ್ಕೂ ಅವಳು ತಲೆ ಎತ್ತಲಿಲ್ಲ.

ಮಾರ್ಚ್ 8, ಶನಿವಾರ

ಕಾಫಿ ಕುಡಿಯುತ್ತಿದ್ದೆ. ಅವನ ತಾಯಿ ಬಂದು ನಿಂತು ಅಪ್ಪಣೆ ಕೊಟ್ಟಳು.

“ನೀರು ಬಿಸಿ ಏರ್ತಾ ಇದೆ. ಮೀನು ಆಳದಿಂದ ಮೇಲಕ್ಕೆ ಹೊರಡೋ ಹೊತ್ತು. ನನ್ನ ದೋಣಿ ಎಳ್ಕೊಂಡು ಹೋಗೋಕೆ ಒಬ್ಬರು ಬೇಕು. ಏಳು.”

ವೈದ್ಯರು ಬೇಡ ಅಂದಿದ್ದಾರಲ್ಲ ಎಂದೆ. ಅವರು ಮೀನು ಹಿಡಿಯುವವರಲ್ಲ ಅಂದಳು. ನನಗೇನು, ಬಿದ್ದು ಇನ್ನೊಂದು ಸೊಂಟ ಮುರಿದುಕೊಳ್ಳಲಿ ಎಂದುಕೊಂಡು ಎದ್ದೆ. ಬರೆಯುವಾಗಲೂ ಈ ಮಾತನ್ನು ಹೊಡೆದುಹಾಕಬೇಕು ಅನ್ನಿಸುತ್ತಿಲ್ಲ.

ಅವಳ ದೋಣಿ ಕೊಟ್ಟಿಗೆಯ ಹಿಂದೆ ತಾಡಪಾಲು ಹೊದ್ದು ಕೂತಿತ್ತು. ಅಲ್ಯೂಮಿನಿಯಮ್ಮಿನದು, ಅಲ್ಲಲ್ಲಿ ನೆಗ್ಗಿದೆ. ಗಾರ್ಲಂಡ್ ಅದನ್ನು ಸಾಬೂನು ಡಬ್ಬಿ ಅನ್ನುತ್ತಿದ್ದ. ಅದನ್ನು ಹೊತ್ತ ಚಕ್ರದ ಗಾಡಿಯನ್ನು ನನ್ನ ಹಳೆಯ ಪಿಕಪ್ಪಿಗೆ ಕಟ್ಟಿ ಎಳೆದೆ. ಕೆರೆಗೆ ದೋಣಿ ಇಳಿಸುವ ಇಳಿಜಾರಿನಲ್ಲಿ ಅವನ ಗೆಳೆಯರೆಲ್ಲ ಕಾಫಿ ಲೋಟ ಹಿಡಿದು ನಿಂತಿದ್ದರು. ನೋಡಿ ಮಾತು ನಿಲ್ಲಿಸಿದರು. ಡ್ಯೂಯಿ ಮಾತ್ರ ತಡೆಯಲಾರದೆ, “ವರ್ನಾ, ನಿಧಾನ ಕಣಮ್ಮ, ಇದು ಶಾಲೆ ಬಸ್ಸಲ್ಲ, ಹಿಮ್ಮುಖ ಹೋಗ್ಬೇಕು” ಅಂದ.

ಒಂದೇ ಸಲಕ್ಕೆ ದೋಣಿಯನ್ನು ನೇರವಾಗಿ ನೀರಿಗಿಳಿಸಿದೆ. ಮಂಜು ಬಿದ್ದ ಗುಡ್ಡದ ತಿರುವುಗಳಲ್ಲಿ ಬಸ್ಸು ಹಿಂದಕ್ಕೆ ತೆಗೆಯುವವಳು ನಾನು. ಅವನ ತಾಯಿ ಕೋಲೂರಿಕೊಂಡು ಡ್ಯೂಯಿಯ ಪಕ್ಕದಲ್ಲಿ ನಿಂತು, ಬಹಳ ಕಾಳಜಿಯ ದನಿಯಲ್ಲಿ ಕೇಳಿದಳು: “ಹೋದ ವರ್ಷ ನಿನ್ನ ಟ್ರಕ್ಕು ಇಲ್ಲೇ ಮುಳುಗಿತ್ತಲ್ಲಪ್ಪ. ಸೀಟು ಒಣಗಿತಾ?”

ನನಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. ಒಂದು ಮೀನೂ ಸಿಗಲಿಲ್ಲ. ಕೈ ಹೆಪ್ಪುಗಟ್ಟಿತು.

ಮಾರ್ಚ್ 15, ಶನಿವಾರ

ಮತ್ತೆ ಎಬ್ಬಿಸಿದಳು. ಇವತ್ತು ನನ್ನ ಕೈಗೂ ಒಂದು ಗಾಳದ ಕೋಲು ಕೊಟ್ಟಳು.

ಇಷ್ಟು ವರ್ಷ ಗಾರ್ಲಂಡ್ ನನ್ನನ್ನು ದೋಣಿಗೆ ಹತ್ತಿಸಿಕೊಂಡದ್ದು ಎರಡೋ ಮೂರೋ ಸಲ, ಅದೂ ಸ್ಯಾಂಡ್‌ವಿಚ್ ಡಬ್ಬಿ ಹಿಡಿದುಕೊಳ್ಳಲು. ನನ್ನ ದನಿ ಜೋರಂತೆ, ಮೀನು ಓಡುತ್ತವಂತೆ. ಅವನ ಗಾಳಗಳೋ, ಒಂದೊಂದೂ ಬಾಗಿಲ ಚಿಲಕದ ಹಾಗಿರುತ್ತವೆ. ನೀರಿಗೆ ಬಿದ್ದರೆ ಆಚೆ ದಡಕ್ಕೆ ಕೇಳುತ್ತದೆ. ಅವನ ತಾಯಿಯ ಸಾಮಾನೇ ಬೇರೆ. ಕೋಲು ಬೆರಳಿನಷ್ಟು ಸಪೂರ. ದಾರ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಬಟಾಣಿ ಕಾಳಿನಷ್ಟು ಸೀಸ, ಅದರ ಕೆಳಗೆ ಕಿರುಬೆರಳಿನ ಉದ್ದದ ರಬ್ಬರ್ ಹುಳು. ಇದಕ್ಕೆ ಗಾರ್ಲಂಡ್ ಇಟ್ಟ ಹೆಸರು ಮುದುಕಿಯರ ಗಾಳ.

“ಎಸಿ. ತಳ ಮುಟ್ಟೋ ತನಕ ಬಿಡು. ಆಮೇಲೆ ಏನೂ ಮಾಡ್ಬೇಡ.”

“ಏನೂ ಮಾಡದೆ ಇದ್ರೆ ಮೀನು ಹೇಗೆ ಬರುತ್ತೆ?”

“ಬರೋದು ಅದರ ಕೆಲಸ. ನಿನ್ನ ಕೆಲಸ ಸುಮ್ಮನಿರೋದು.”

ಸುಮ್ಮನಿರುವುದು ನನ್ನಿಂದಾಗುವುದಿಲ್ಲ. ಕೈ ತಾನಾಗಿಯೇ ಎಳೆಯುತ್ತದೆ. ಹುಳು ಕಲ್ಲಿಗೆ ಸಿಕ್ಕಿತು, ಜಗ್ಗಿದೆ, ದಾರ ಹರಿಯಿತು. ಅವಳು ಇನ್ನೊಂದು ಕಟ್ಟಿಕೊಟ್ಟಳು. ಅದೂ ಹರಿಯಿತು. ಆಮೇಲೆ ನಿಜವಾಗಿಯೂ ಏನೋ ಟಕ್ ಅಂದಿತು; ನಾನು ಎರಡೂ ಕೈಯಲ್ಲಿ ಎಳೆದ ಹೊಡೆತಕ್ಕೆ ದಾರ ಪಟ್ಟೆಂದು ಹರಿದು, ನಾನು ಹಿಂದಕ್ಕೆ ಬಿದ್ದೆ.

ಅವಳು ಎಬ್ಬಿಸಲು ಕೈ ಚಾಚಲಿಲ್ಲ. “ಅದು ದಾರ ಕಣೇ, ಗಾರ್ಲಂಡ್‌ನ ಕತ್ತಲ್ಲ” ಅಂದಳು.

ಅವನು ಹೋದ ಮೇಲೆ ಅವಳ ಬಾಯಲ್ಲಿ ಅವನ ಹೆಸರು ಬಂದದ್ದು ಇದೇ ಮೊದಲು.

ಮಾರ್ಚ್ 22, ಶನಿವಾರ

ನನ್ನ ಹಸಿರು ಮಳೆಯಂಗಿ. ಮನೆಯೆಲ್ಲ ಹುಡುಕಿದ್ದೆ, ಬಸ್ಸಿನಲ್ಲಿ ಹುಡುಕಿದ್ದೆ, ಶಾಲೆಯಲ್ಲಿ ಕಳೆದುಹೋದ ವಸ್ತುಗಳ ಪೆಟ್ಟಿಗೆಯಲ್ಲಿ ಹುಡುಕಿದ್ದೆ. ಅದು ಟ್ರೀನಾಳ ಮೈಮೇಲಿತ್ತು.

ಅಣೆಕಟ್ಟು ಕಟ್ಟಿದಾಗ ಕೆರೆಯಲ್ಲಿ ಮುಳುಗಿದ ಹಳೆಯ ರಸ್ತೆಯ ಮೇಲೆ ನಾವು ಗಾಳ ಬಿಟ್ಟುಕೊಂಡಿದ್ದೆವು. ದೊಡ್ಡ ದೋಣಿ ಪೂರ್ತಿ ವೇಗದಲ್ಲಿ ಬಂದು, ನಮ್ಮನ್ನು ನೋಡಿದ ಮೇಲೆ ಎಂಜಿನ್ ಇಳಿಸಿತು. ಅಷ್ಟರಲ್ಲಿ ಅದರ ಅಲೆ ನಮ್ಮ ದೋಣಿಗೆ ನುಗ್ಗಿ ನನ್ನ ಬೂಟಿನೊಳಗೆ ನೀರಾಯಿತು. ಗಾರ್ಲಂಡ್ “ಅಮ್ಮಾ” ಎಂದು ಕೈಬೀಸಿದ. ನನ್ನ ಕಡೆ ನೋಡಲಿಲ್ಲ. ಟ್ರೀನಾ ನನ್ನ ಮಳೆಯಂಗಿಯ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡಳು.

ಅವನ ತಾಯಿ ಏನು ಮಾಡಿದಳು? ನೀರಿನ ಬಿಸಿ ಎಷ್ಟಿದೆ ಅಂತ ಕೇಳಿದಳು. ಅವನು ಹೇಳಿದ. ಮೀನು ಎಷ್ಟು ಆಳದಲ್ಲಿವೆ ಅಂತ ಕೇಳಿದಳು. ಅದನ್ನೂ ಹೇಳಿದ. ಸಂತೆಯಲ್ಲಿ ಸಿಕ್ಕ ನೆರೆಯವರ ಹಾಗೆ ಇಬ್ಬರೂ ಹರಟಿದರು. ನಾನು ತಗಡಿನ ಡಬ್ಬಿಯಿಂದ ದೋಣಿಯ ನೀರು ಎತ್ತಿ ಹಾಕುತ್ತ ಕೂತಿದ್ದೆ.

ಮನೆಗೆ ಬಂದು ಬಾಗಿಲು ಹಾಕಿದ ಕೂಡಲೇ ಬಾಯಿಬಿಟ್ಟೆ. ನಿಮ್ಮ ಮಗ ನಿಮ್ಮ ಕಣ್ಣೆದುರಿಗೇ ಅವಳನ್ನು ಮೆರೆಸಿಕೊಂಡು ಹೋದ, ನೀವು ಹವಾಮಾನ ಮಾತಾಡಿದಿರಿ, ನಿಮ್ಮ ರಕ್ತ ನಿಮಗೆ ಸರಿಯಾಗೇ ಕಾಣುತ್ತೆ ಬಿಡಿ, ಅಂತೆಲ್ಲ ಕೂಗಿದೆ. ಅವಳು ಕೋಟಿನ ಗುಂಡಿ ಬಿಚ್ಚುತ್ತಲೇ ಇದ್ದಳು.

“ನನ್ನ ಮಗನೇ. ನಾನೇ ಹೆತ್ತದ್ದು. ಏನು ಮಾಡ್ಲಿ ಹೇಳು, ವಾಪಸ್ ಒಳಗೆ ಹಾಕ್ಕೊಳ್ಳಲಾ?”

ಬೂಟು ಇನ್ನೂ ಒಣಗಿಲ್ಲ.

ಮಾರ್ಚ್ 26, ಬುಧವಾರ

ಬಸ್ಸಿನಲ್ಲಿ ಹಾಡಿದರೆಂದು ಮಕ್ಕಳ ಮೇಲೆ ಕೂಗಾಡಿದೆ. ಇಡೀ ಬಸ್ಸು ಗಪ್‌ಚುಪ್ಪಾಯಿತು. ಅವರೇನು ಮಾಡಿದ್ದರು ಪಾಪ.

ಮಾರ್ಚ್ 29, ಶನಿವಾರ

ಮಳೆ. ಹೋಗಲಿಲ್ಲ. ಓಪಲ್ ಅಡುಗೆಮನೆಯ ಮೇಜಿನ ಮೇಲೆ ದಾರ ಹರವಿಕೊಂಡು ಗಂಟು ಹಾಕುವುದನ್ನು ತೋರಿಸಿಕೊಟ್ಟಳು. ನಾವು ಮಾತು ಬಿಟ್ಟಿದ್ದೇವೆ. ಆದ್ದರಿಂದ ಬಾಯಿ ಬಿಡದೆ ತೋರಿಸಿದಳು. ಎಂಜಲು ಹಚ್ಚಿ ಒದ್ದೆ ಮಾಡಿ ಎಳೆಯಬೇಕು. ಸಂಜೆಯ ಹೊತ್ತಿಗೆ ನನ್ನ ಗಂಟು ನಿಂತಿತು. ಜಗ್ಗಿ ನೋಡಿ, ಕತ್ತರಿಸಿ, ಮತ್ತೆ ಹಾಕು ಎಂದು ಕೈಸನ್ನೆ ಮಾಡಿದಳು.

ಏಪ್ರಿಲ್ 5, ಶನಿವಾರ

ಹಿಡಿದೆ.

ದಡದ ಕಲ್ಲುಗಳ ಹತ್ತಿರ ಹುಳು ಬಿಟ್ಟು, ಸಿಟ್ಟಿನಲ್ಲಿ ಏನೋ ಯೋಚಿಸುತ್ತ ಕೂತಿದ್ದೆ. ನಾಡೀನ್‌ಳ ಮನೆಯಲ್ಲಿ ನನಗೆ ಕೊಡುವ ಕೋಣೆಯ ಬಗ್ಗೆ ಇರಬೇಕು. ಅವಳ ಹೊಲಿಗೆ ಮಿಷನ್ನು ಇರುವ ಕೋಣೆ ಅದು. ಟಕ್ ಅನ್ನಲಿಲ್ಲ ಈ ಸಲ. ದಾರದ ಆ ಕೊನೆಯಲ್ಲಿ ಇದ್ದ ಭಾರ ಇಲ್ಲವಾಯಿತು, ಅಷ್ಟೇ. ಯಾರೋ ಹುಳುವನ್ನು ಅಂಗೈಯಲ್ಲಿ ಎತ್ತಿಕೊಂಡ ಹಾಗೆ. ಓಪಲ್ ನನ್ನ ದಾರ ನೋಡುತ್ತಿದ್ದಳು. “ಎಳೀಬೇಡ. ಕೋಲು ಎತ್ತು, ಸಾಕು” ಅಂದಳು ಪಿಸುದನಿಯಲ್ಲಿ. ಎತ್ತಿದೆ. ಕೋಲು ಬಿಲ್ಲಾಯಿತು.

ಆ ಕೂದಲೆಳೆ ದಾರದಲ್ಲಿ ಅಷ್ಟು ದೊಡ್ಡದನ್ನು ಎಳೆಯಲು ಬರುವುದಿಲ್ಲ. ಅದು ಹೋಗುತ್ತೇನೆ ಅಂದರೆ ಬಿಡಬೇಕು, ರೀಲು ಕಿರ್ರೆಂದು ಬಿಚ್ಚಿಕೊಳ್ಳುತ್ತದೆ, ನಿಂತಾಗ ಸುತ್ತಿಕೊಳ್ಳಬೇಕು. ಹೋಯಿತು, ಬಂತು, ದೋಣಿಯ ಕೆಳಗೇ ನುಗ್ಗಿತು, ಮತ್ತೆ ಬಂತು. ಓಪಲ್ ಸೊಂಟ ಮರೆತು ಬಗ್ಗಿ ಬಲೆಚೀಲದಲ್ಲಿ ಎತ್ತಿದಳು. ಕಂದು ಬಣ್ಣದ ಸಣ್ಣಬಾಯಿ ಬಾಸ್ ಮೀನು, ಕೆಂಪು ಕಣ್ಣು. ನನ್ನನ್ನೇ ದುರುಗುಟ್ಟಿ ನೋಡಿತು.

ನೀರಿಗೆ ಬಿಟ್ಟೆವು. ಬಿಟ್ಟ ಮೇಲೆ ಜೇಬಿನಿಂದ ಫೋನು ತೆಗೆದು ಅವನ ಹೆಸರು ಒತ್ತಲು ಹೋದ ನನ್ನ ಬೆರಳನ್ನು ಕತ್ತರಿಸಬೇಕು. ಇಂಥ ಸುದ್ದಿ ಹೇಳಲು ನನಗೆ ಇನ್ಯಾರೂ ಇಲ್ಲದ ಹಾಗೆ ಮಾಡಿಟ್ಟು ಹೋದನಲ್ಲ.

“ಒಳ್ಳೆ ಮೀನು” ಅಂದಳು ಓಪಲ್. ದೋಣಿ ಕಟ್ಟುವಾಗ ಡ್ಯೂಯಿಗೂ ಹೇಳಿದಳು, ಇದ್ದದ್ದಕ್ಕಿಂತ ದೊಡ್ಡದು ಮಾಡಿ.

ಏಪ್ರಿಲ್ 10, ಗುರುವಾರ

ಅವಳಿಗೆ ಕಿವಿ ಮಂದ, ಫೋನನ್ನು ಮೇಜಿನ ಮೇಲಿಟ್ಟು ಇಡೀ ಮನೆಗೆ ಕೇಳುವಂತೆ ಮಾತಾಡುತ್ತಾಳೆ. ಬಸ್ಸು ನಿಲ್ಲಿಸಿ ಬಂದು ಹಿಂಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದೆ. ಗಾರ್ಲಂಡ್‌ನ ದನಿ. ಶಾಲೆ ಮುಗಿದ ಮೇಲೆ ವರ್ನಾ ಹೇಗೂ ಹೋಗುತ್ತಾಳೆ, ನೀನು ಒಬ್ಬಳೇ ಇರಬಾರದು, ನಾನೂ ಟ್ರೀನಾನೂ ಬಂದುಬಿಡ್ತೀವಿ, ಹಿಂದಿನ ಕೋಣೆ ಸಾಕು, ನೀರಿನ ಅಂಚಲ್ಲಿ ದೋಣಿ ಕಟ್ಟೋ ಹಲಗೆ ಕಟ್ಟೆಯನ್ನೂ ರಿಪೇರಿ ಮಾಡ್ತೀನಿ.

ಓಪಲ್ ಹೇಳಿದ್ದು ಒಂದೇ ಪದ: “ನೋಡೋಣ.”

ನೋಡೋಣ! ದೋಣಿ ಎಳೆಯಲು ಆಳು ಬೇಕಿತ್ತು, ಸಿಕ್ಕಿದೆ. ಬೇಸಿಗೆಗೆ ಬೇರೆ ಆಳು ಬರುತ್ತದೆ. ನಾನು ಗಂಟು ಹಾಕಲು ಕಲಿತೆನಂತೆ, ಮೀನು ಹಿಡಿದೆನಂತೆ. ಹುಚ್ಚಿ.

ಅಟ್ಟದಿಂದ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿದೆ. ಬೇಕೆಂದೇ ಮೆಟ್ಟಿಲ ಮೇಲೆ ದಡದಡ ಉರುಳಿಸಿದೆ.

ಏಪ್ರಿಲ್ 19, ಶನಿವಾರ

ಹೋಗಬಾರದೆಂದಿದ್ದೆ. ಆದರೆ ಇಡೀ ಗುಡ್ಡ ಡಾಗ್‌ವುಡ್ ಹೂವಿನಿಂದ ಬೆಳ್ಳಗಾಗಿತ್ತು, ಗಾಳಿ ಸತ್ತಿತ್ತು, ಅವಳು ಆಗಲೇ ಪಿಕಪ್ಪಿನಲ್ಲಿ ಕೂತಿದ್ದಳು.

ಮನೆಯ ಎದುರಿನ ಕೊಲ್ಲಿಗೆ ಹೋಗಲು ಹೇಳಿದಳು. ಗಾಳ ಎಸೆಯುವುದು ಬೇಡ, ಸುಮ್ಮನೆ ನೋಡು ಅಂದಳು. ಮೊಣಕಾಲಾಳದ ನೀರು, ಗಾಜಿನ ಹಾಗೆ. ತಳದ ಜಲ್ಲಿಯಲ್ಲಿ ಗುಡಿಸಿ ಸ್ವಚ್ಛ ಮಾಡಿದ ಒಂದು ಬಟ್ಟಲಿನಂಥ ಗುಳಿ. ಅದರ ಮೇಲೆ ಒಂದು ದೊಡ್ಡಬಾಯಿ ಬಾಸ್ ನಿಂತಿತ್ತು. ಬಾಲ ಹರಿದುಹೋಗಿತ್ತು. ಬಾಲದಿಂದ ಗೂಡು ಗುಡಿಸಿ ಗುಡಿಸಿ ಹಾಗಾಗುತ್ತದಂತೆ. ಓಪಲ್ ಕೊಕ್ಕೆಯಿಲ್ಲದ ಒಂದು ಹುಳುವನ್ನು ದಾರಕ್ಕೆ ಕಟ್ಟಿ ಗೂಡಿನೊಳಕ್ಕೆ ಬಿಟ್ಟಳು. ಮೀನು ಅದನ್ನು ಕಚ್ಚಿಕೊಂಡು ಗೂಡಿನಾಚೆ ಒಯ್ದು ಉಗುಳಿ, ವಾಪಸ್ ಬಂದು ನಿಂತಿತು. ಮತ್ತೆ ಬಿಟ್ಟಳು. ಮತ್ತೆ ಉಗುಳಿತು.

“ಹಸಿವಲ್ಲ ಅದು, ಸಿಟ್ಟು” ಅಂದಳು. “ಈ ದಿನಗಳಲ್ಲಿ ಇವು ಏನೂ ತಿನ್ನಲ್ಲ.”

ಮೊಟ್ಟೆ ಕಾಯುವ ತಾಯಿ ಇರಬೇಕು ಅಂದೆ. ಅಲ್ಲವಂತೆ. ಹೆಣ್ಣು ಮೊಟ್ಟೆಯಿಟ್ಟು ಆಳಕ್ಕೆ ಹೋಗಿಬಿಡುತ್ತದೆ. ಮರಿಯಾಗಿ ಈಜುವ ತನಕ ಕಾಯುವುದು ಗಂಡು.

“ಗಂಡು ಕಾಯುತ್ತೆ?” ಅಂದೆ.

“ಮೀನಿನಲ್ಲಿ” ಅಂದಳು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ದೋಣಿ ಅಲ್ಲಾಡಿ ಮೀನು ಬೆದರಿತು, ಆದರೂ ಗೂಡು ಬಿಟ್ಟು ಹೋಗಲಿಲ್ಲ.

ನಗು ನಿಂತ ಮೇಲೆ ಅವಳು ನೀರು ನೋಡುತ್ತಲೇ ಒಂದು ವಿಷಯ ಹೇಳಿದಳು. ಗಾರ್ಲಂಡ್‌ನ ಅಪ್ಪ ಲೆಸ್ಟರ್ ಕೂಡ ಒಂದು ಚಳಿಗಾಲ ಹೀಗೇ ಹೋಗಿದ್ದನಂತೆ. ವಸಂತಕ್ಕೆ ವಾಪಸ್ ಬಂದ. ಅವಳು ಬಾಗಿಲು ತೆಗೆದಳು, ಬಿಸಿ ಊಟ ಬಡಿಸಿದಳು, ಒಂದು ಮಾತು ಕೇಳಲಿಲ್ಲ. ಊರೆಲ್ಲ ಅದೃಷ್ಟವಂತೆ ಅಂತು. ಆ ವಾರವೇ ಈ ದೋಣಿ ಕೊಂಡಳು. ಅವನು ಮನೆಯಲ್ಲಿದ್ದಷ್ಟು ಹೊತ್ತು ತಾನು ನೀರಿನ ಮೇಲಿರಬೇಕಿತ್ತು, ಅದಕ್ಕೆ.

“ಗಾರ್ಲಂಡ್ ಆಗ ಚಿಕ್ಕವನು. ಅಪ್ಪ ಹೋಗೋದನ್ನೂ ನೋಡಿದ, ಬರೋದನ್ನೂ ನೋಡಿದ. ನಾನು ಬಡಿಸೋದನ್ನೂ ನೋಡಿದ.”

ಇಷ್ಟು ವರ್ಷ ಈ ಮನೆಯಲ್ಲಿ ಲೆಸ್ಟರ್‌ನ ಫೋಟೋದ ಧೂಳು ಒರೆಸಿದ್ದೇನೆ. ನಾಳೆಯಿಂದ ಒರೆಸುವುದಿಲ್ಲ.

ಏಪ್ರಿಲ್ 26, ಶನಿವಾರ

ಹುಟ್ಟು ಬೀಸಿ ಬೀಸಿ ತೋಳು ಸೋತಿದೆ, ಅಕ್ಷರ ಸೊಟ್ಟ.

ಇವತ್ತು ಕೆರೆಯಲ್ಲಿ ಮೀನು ಹಿಡಿಯುವ ಸ್ಪರ್ಧೆ, ತೂಕದ ಮೇಲೆ ಬಹುಮಾನ. ನಾವು ಕೊಲ್ಲಿಗೆ ಹೋಗುವ ಹೊತ್ತಿಗೆ ದೊಡ್ಡ ದೋಣಿ ಆಗಲೇ ಅಲ್ಲಿತ್ತು, ನಮ್ಮ ಗೂಡಿನ ಮೇಲೆಯೇ. ಗಾರ್ಲಂಡ್ ಒಬ್ಬನೇ. ಅವನ ಕೈಯಲ್ಲಿದ್ದುದು ಸಪೂರ ಕೋಲು, ಸಣ್ಣ ಹುಳು. ಇಷ್ಟು ವರ್ಷ ಆಡಿಕೊಂಡ ಮುದುಕಿಯರ ಗಾಳ! ಗೂಡಿನ ಮೀನು ಕಚ್ಚುವುದು ಅದಕ್ಕೇ ಎಂದು ಅವನಿಗೂ ಗೊತ್ತಿತ್ತು. ನಾವು ನೋಡುತ್ತಿದ್ದಂತೆಯೇ ಹರಿದ ಬಾಲದ ಮೀನನ್ನು ಎತ್ತಿ ದೋಣಿಯ ನೀರಿನ ತೊಟ್ಟಿಗೆ ಹಾಕಿಕೊಂಡ.

ಓಪಲ್ ಅವನ ಪಕ್ಕಕ್ಕೆ ಹೋಗು ಅಂದಳು. ಹೋದೆ.

“ಅದನ್ನ ತೆಗೆದ ಕಡೆಗೇ ಬಿಡು, ಗಾರ್ಲಂಡ್.”

“ನಿಯಮದಲ್ಲಿದೆ ಅಮ್ಮ. ತೂಕ ಹಾಕಿ ಬಿಟ್ಟುಬಿಡ್ತಾರೆ.”

“ತೂಕ ಹಾಕೋದು ಅಣೆಕಟ್ಟಿನ ಹತ್ತಿರ. ಅಲ್ಲಿಂದ ಇಲ್ಲಿಗೆ ಬರುತ್ತಾ ಅದು? ಗೂಡಲ್ಲಿ ಮೊಟ್ಟೆ ಇದೆ ಕಣೋ.”

“ಒಂದು ಮೀನು ಅಮ್ಮ. ಕೆರೆ ತುಂಬ ಇವೆ.” ಆಮೇಲೆ, ತಿಂಗಳುಗಳ ನಂತರ ಮೊದಲ ಸಲ, ನನ್ನ ಕಡೆ ನೋಡಿದ. “ಇದೆಲ್ಲ ನೀನು ಹೇಳಿಕೊಟ್ಟಿದ್ದಾ?”

ನಾನು ಬಾಯಿ ತೆರೆಯುವುದರೊಳಗೆ ಎಂಜಿನ್ ಎಬ್ಬಿಸಿ ಹೋದ.

ಅವನ ಅಲೆ ಅಡಗುವ ಮೊದಲೇ ಅಂಗೈಯಷ್ಟು ಅಗಲದ ನೀಲಿಕೆನ್ನೆಯ ಮೀನುಗಳು ಜೊಂಡಿನಿಂದ ಒಂದೊಂದಾಗಿ ಹೊರಬಂದವು. ಬಂದು ಗೂಡಿನ ಸುತ್ತ ನಿಂತವು. ಮೊದಲನೆಯದು ಮೊಟ್ಟೆಗೆ ಬಾಯಿ ಹಾಕಿದಾಗ ನಾನು ದೋಣಿಯ ಹುಟ್ಟು ಎತ್ತಿ ನೀರಿಗೆ ಬಡಿದೆ. ಓಡಿದವು, ಮತ್ತೆ ಬಂದವು. ಇನ್ನೊಂದು ಕಡೆಯಿಂದ ಅತ್ತೆ ತಮ್ಮ ಊರುಗೋಲನ್ನು ನೀರಿಗಿಳಿಸಿ ಗೂಡಿನ ಮೇಲೆ ಆಡಿಸುತ್ತ ಕೂತರು. ಅಲ್ಲಿಂದ ಮಧ್ಯಾಹ್ನ ದಾಟುವವರೆಗೂ ಬಡಿದೆವು. ಬುತ್ತಿ ಬಿಚ್ಚಲಿಲ್ಲ. ಅತ್ತೆಗೆ ಸೊಂಟ ನೋಯುತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು; ಮನೆಗೆ ಹೋಗೋಣ ಅಂದರೆ ನೀನು ಬೇಕಾದರೆ ಈಜಿಕೊಂಡು ಹೋಗು ಅಂದರು. ದಾರಿಹೋಕ ದೋಣಿಯವನೊಬ್ಬ ನಿಂತು, ಏನು ಮಾಡ್ತಿದ್ದೀರಿ ಎಂದು ಕೇಳಿದ. ಮೀನು ಕಾಯ್ತಾ ಇದ್ದೀವಿ, ನಿನಗೇನು ಎಂದು ನಾನು ಕೂಗಿದ ಕೂಗಿಗೆ ಅವನು ಇನ್ನೇನೂ ಕೇಳಲಿಲ್ಲ.

ಗಾಳಿ ಎದ್ದು ನೀರು ಕದಡಿತು. ತಳ ಕಾಣಿಸದಾಯಿತು. ಕಾಣಿಸದ ಮೇಲೆ ಎಲ್ಲಿ ಬಡಿಯುವುದು? ಆದರೂ ಸ್ವಲ್ಪ ಹೊತ್ತು ಬಡಿದೆ.

ಏಪ್ರಿಲ್ 27, ಭಾನುವಾರ

ಚರ್ಚಿನಿಂದ ನೇರ ಕೊಲ್ಲಿಗೆ, ಒಳ್ಳೆ ಬಟ್ಟೆಯಲ್ಲೇ. ಗೂಡು ಬರೀ ಜಲ್ಲಿ. ಅತ್ತೆ ಬಹಳ ಹೊತ್ತು ನೋಡಿದರು. ಸ್ಪರ್ಧೆಯಲ್ಲಿ ಅವನಿಗೆ ಏನೂ ಬರಲಿಲ್ಲವಂತೆ, ಡ್ಯೂಯಿ ಹೇಳಿದ. ಕೇಳಿ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಮೇ 3, ಶನಿವಾರ

ಪುಸ್ತಕ, ಚಳಿಗಾಲದ ಬಟ್ಟೆ, ಅಮ್ಮ ಕೊಟ್ಟ ಬಾಣಲೆ ಪೆಟ್ಟಿಗೆಗೆ ಹಾಕಿದೆ. ಬಾಣಲೆಯನ್ನು ಮತ್ತೆ ಹೊರಗೆ ತೆಗೆಯಬೇಕಾಯಿತು, ಅತ್ತೆಗೆ ಜೋಳದ ರೊಟ್ಟಿ ಅದರಲ್ಲೇ ಆಗಬೇಕು. ನಾಡೀನ್ ಫೋನು ಮಾಡಿ ಕೋಣೆಗೆ ಬಣ್ಣ ಹೊಡೆಸಿದ್ದೇನೆ ಅಂದಳು. ಹಳದಿಯಂತೆ. ನನ್ನನ್ನು ಕೇಳಿದ್ದಳೇ?

ಮೇ 11, ಭಾನುವಾರ

ಇವತ್ತು ಅಮ್ಮಂದಿರ ದಿನ. ಗಾರ್ಲಂಡ್ ಊಟಕ್ಕೆ ಬರುತ್ತಾನೆ, ಅವಳನ್ನೂ ಕರೆತರುತ್ತಾನೆ ಎಂದು ಬೆಳಿಗ್ಗೆ ಗೊತ್ತಾಯಿತು. ಹಾಗಾದರೆ ನಾನು ಹೊರಗೆ ಹೋಗುತ್ತೇನೆ ಅಂದೆ. ಅತ್ತೆ, ಕೋಳಿ ಕರಿಯೋಕೆ ನೀನಿರಬೇಕು, ನನಗೆ ಒಲೆ ಮುಂದೆ ನಿಲ್ಲೋಕಾಗಲ್ಲ ಅಂದರು. ನಿಮ್ಮ ಮಗನಿಗೆ, ಅವನು ಇಟ್ಟುಕೊಂಡವಳಿಗೆ ನಾನು ಕೋಳಿ ಕರಿಯಬೇಕಾ ಎಂದು ಕೇಳಿದೆ. ಹೌದು ಅಂದರು. ಕರಿದೆ. ಎಣ್ಣೆ ನನ್ನ ಮುಂಗೈಗೆ ಸಿಡಿದಾಗ ಸಮಾಧಾನವೇ ಆಯಿತು, ಕೂಗಲು ಒಂದು ನೆಪ ಸಿಕ್ಕಿತಲ್ಲ.

ಅವನು ಹೂಗೊಂಚಲು ತಂದಿದ್ದ. ಟ್ರೀನಾ ಬಾಗಿಲಲ್ಲಿ ನನ್ನ ಮಳೆಯಂಗಿಯನ್ನು ಒಗೆದು ಮಡಿಸಿ ತಂದು ಕೊಟ್ಟಳು, ಕಣ್ಣೆತ್ತದೆ. ಊಟವಾದ ಮೇಲೆ ತಟ್ಟೆಗಳನ್ನು ಎತ್ತಲೂ ಬಂದಳು. ಅವಳು ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು.

ಗಾರ್ಲಂಡ್ ಜೂನ್ ಬಗ್ಗೆ ಮಾತು ತೆಗೆದ. ಹಿಂದಿನ ಕೋಣೆಗೆ ಏರ್ ಕಂಡೀಷನರ್ ಹಾಕಿಸುವುದು, ದೋಣಿ ಕಟ್ಟೆಯ ಹಲಗೆ ಬದಲಾಯಿಸುವುದು. ಅತ್ತೆ ಮೂಳೆಯನ್ನು ತಟ್ಟೆಯ ಅಂಚಿಗಿಟ್ಟು ಕೈ ಒರೆಸಿಕೊಂಡರು.

“ಈ ಮನೇಲಿ ಒಬ್ಬಳು ಹೆಂಗಸು ಇದ್ದಾಳೆ. ಇನ್ನೊಬ್ಬಳಿಗೆ ಜಾಗ ಇಲ್ಲ.”

“ವರ್ನಾ ಹೋಗ್ತಾಳಲ್ಲಮ್ಮ.”

ಅತ್ತೆ ನನ್ನ ಕಡೆ ತಿರುಗಿದರು. “ಹೋಗ್ತೀಯಾ?”

ಮೂವರೂ ನನ್ನ ಮುಖ ನೋಡುತ್ತಿದ್ದರು. ನನಗೆ ಬಂದ ಸಿಟ್ಟು ಗಾರ್ಲಂಡ್ ಮೇಲಲ್ಲ, ಅತ್ತೆಯ ಮೇಲೆ. ಇಷ್ಟು ದಿನ ಒಂದು ಸಲವೂ ಕೇಳದೆ, ಈಗ ಇವರ ಮುಂದೆ ನನ್ನನ್ನು ದೊಣ್ಣೆ ಮಾಡಿಕೊಂಡು ಮಗನಿಗೆ ಬೀಸುವುದೇ?

“ಅವನಿಗೆ ಬೇಡ ಅನ್ನೋದಿದ್ರೆ ನೀವೇ ಬೇಡ ಅನ್ನಿ,” ಅಂದೆ. “ನನ್ನನ್ನ ಮಧ್ಯೆ ನಿಲ್ಲಿಸ್ಕೋಬೇಡಿ.”

ಎದ್ದು ಕಟ್ಟೆಗೆ ಹೋದೆ. ಹಿಂದೆಯೇ ಗಾರ್ಲಂಡ್ ಬಂದ. ಅಮ್ಮನ ತಲೆ ಕೆಡಿಸಿದ್ದೀಯ ಅಂದ. ಶಾಲೆ ಮುಗಿಯುವ ದಿನ ಸಾಮಾನು ತಂದೇ ತರುತ್ತೇನೆ, ಅಷ್ಟರಲ್ಲಿ ಅಮ್ಮನ ಮನಸ್ಸು ಕರಗಿರುತ್ತದೆ, ಯಾವಾಗಲೂ ಕರಗುತ್ತದೆ ಅಂದ. ಇವನಿಗೆಂದು ನಾನು ಕೂಡಿಟ್ಟ ಮಾತುಗಳಿದ್ದವು. ಬಸ್ಸಿನಲ್ಲಿ, ಸ್ನಾನದಲ್ಲಿ, ಚರ್ಚಿನಲ್ಲಿ ಮತ್ತೆ ಮತ್ತೆ ತಿದ್ದಿ ಹರಿತ ಮಾಡಿಟ್ಟ ಮಾತುಗಳು. ಅವನು ಎದುರಿಗೇ ನಿಂತಿದ್ದಾನೆ, ಬೇರೆ ಯಾರೂ ಇಲ್ಲ. ನನ್ನ ಬಾಯಿಂದ ಬಂದದ್ದು ಬೇರೆಯೇ.

“ಆ ಮೀನನ್ನ ಎಲ್ಲಿ ಬಿಟ್ಟೆ?”

“ಯಾವ ಮೀನು?” ಅಂದ.

ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಉಳಿದ ಯಾವ ಮಾತನ್ನೂ ಆಡಬೇಕೆನ್ನಿಸಲಿಲ್ಲ. ಒಳಗೆ ಹೋಗಿ ಬಾಣಲೆ ತಿಕ್ಕಿದೆ. ಅತ್ತೆ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ಬಂದು ನಿಂತರು.

ಮೇ 17, ಶನಿವಾರ

ಮಾತಿಲ್ಲ. ಆದರೂ ದೋಣಿಗೆ ಹೋದೆವು. ಮೀನು ಆಳಕ್ಕಿಳಿಯುತ್ತಿವೆ. ನಾನು ಎರಡು ಹಿಡಿದೆ, ಅವರು ಒಂದು.

ಮೇ 23, ಶುಕ್ರವಾರ

ಶಾಲೆ ಮುಗಿಯಿತು. ಕೊನೆಯ ಮಗುವನ್ನು ಇಳಿಸಿ, ಬಸ್ಸು ಗುಡಿಸಿ, ಕೀಲಿ ಕೊಟ್ಟು ಮನೆಗೆ ಬಂದೆ. ಬಾಗಿಲಿಗೆ ಹೊಸ ಹಿತ್ತಾಳೆ ಬೀಗ. ಚಿಲಕದ ಸುತ್ತ ಮರದ ಪುಡಿ ಇನ್ನೂ ಬಿದ್ದಿತ್ತು. ಅತ್ತೆ ಬಾಗಿಲು ತೆಗೆದು, ನಾನು ಒಳಗೆ ಬಂದ ಮೇಲೆ ಮತ್ತೆ ಬೀಗ ಹಾಕಿ ಅಡುಗೆಮನೆಗೆ ಹೋದರು. ಮೇಜಿನ ಮೇಲೆ ಎರಡು ಕೀಲಿ.

“ಒಂದು ನನ್ನದು. ಇನ್ನೊಂದನ್ನ ತಗೊಳ್ಳೋದು ಬಿಡೋದು ನಿನ್ನಿಷ್ಟ. ಇರು ಅಂತ ನಾನು ಹೇಳ್ತಾ ಇಲ್ಲ.”

ಹೇಳ್ತಾ ಇಲ್ಲವಂತೆ! ಇರು ಅನ್ನಲು ಇವರಿಗೆ ನಾಲಿಗೆ ಹೊರಳುವುದಿಲ್ಲ. ಇಷ್ಟು ಬಿಗುಮಾನದ ಹೆಂಗಸಿನ ಜೊತೆ ಯಾರು ಬಾಳುತ್ತಾರೆ? ಹಾಗೆಂದು ಮುಖಕ್ಕೇ ಹೇಳಿದೆ. ಕೀಲಿ ಮುಟ್ಟಲಿಲ್ಲ. ಆಲೂಗಡ್ಡೆ ಸುಲಿಯಲು ಕೂತೆ, ಸಿಪ್ಪೆಯ ಜೊತೆ ಅರ್ಧ ಗಡ್ಡೆಯನ್ನೂ ಕೆತ್ತುತ್ತಿದ್ದೆನಂತೆ, ಅದನ್ನೂ ಹೇಳಿ ತೋರಿಸಿದರು.

ಆಗ ಟ್ರಕ್ಕಿನ ಸದ್ದು. ಗಾರ್ಲಂಡ್ ಒಬ್ಬನೇ ಬಂದಿದ್ದ. ಹಿಂದೆ ಒಂದು ಸೋಫಾ, ನಮ್ಮ ಟೀವಿ, ಏನೇನೋ ಪೆಟ್ಟಿಗೆಗಳು. ಹೊಸಿಲಿಗೆ ಬಂದು ತನ್ನ ಕೀಲಿ ತೂರಿಸಿದ. ತಿರುಗಿಸಿದ. ತೆಗೆದು ನೋಡಿ ಮತ್ತೆ ತೂರಿಸಿದ.

“ಅಮ್ಮಾ, ಬೀಗ ಕೈಕೊಟ್ಟಿದೆ. ಒಳಗಿಂದ ತೆಗಿ.”

ಅತ್ತೆ ಏಳಲಿಲ್ಲ. ಎರಡು ಕೈಯಲ್ಲೂ ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು, ಬೆರಳ ಗೆಣ್ಣು ಬೆಳ್ಳಗಾಗಿತ್ತು. ಡ್ಯೂಯಿಗೆ, ವೈದ್ಯರ ಮಾತಿಗೆ, ಚರ್ಚಿನವರಿಗೆ, ನನಗೆ, ಎಲ್ಲರಿಗೂ ಉತ್ತರ ಕೊಡುವವರ ಬಾಯಿಯಿಂದ ಮಾತು ಹೊರಡುತ್ತಿರಲಿಲ್ಲ. ಅವನು ಮತ್ತೆ ಕರೆದ, ಈ ಸಲ ಚಿಕ್ಕ ಹುಡುಗ ಕರೆದ ಹಾಗೆ. ಅತ್ತೆ ಕುರ್ಚಿ ಹಿಂದಕ್ಕೆ ಸರಿಸಲು ನೋಡಿದರು, ಆಗಲಿಲ್ಲ. ಮತ್ತೆ ಮೇಜು ಹಿಡಿದುಕೊಂಡರು.

“ನೀವು ಕೂತಿರಿ ಅತ್ತೆ,” ಅಂದೆ.

ಕೀಲಿ ತೆಗೆದುಕೊಂಡು ಹೋಗಿ ಬಾಗಿಲು ತೆಗೆದೆ. ಪೂರ್ತಿ ಅಲ್ಲ, ನನ್ನ ಮೈಯಷ್ಟು.

ಅಮ್ಮ ಎಲ್ಲಿ ಅಂದ. ಒಳಗಿದ್ದಾರೆ ಅಂದೆ. ಬೀಗಕ್ಕೇನಾಗಿದೆ ಅಂದ. ಏನೂ ಆಗಿಲ್ಲ, ಹೊಸದು ಅಂದೆ. ಅವನು ನನ್ನ ಕೈಯಲ್ಲಿದ್ದ ಕೀಲಿ ನೋಡಿದ, ನನ್ನ ಮುಖ ನೋಡಿದ, ತಿರುಗಿ ಟ್ರಕ್ಕಿನ ಮೇಲಿದ್ದ ಸೋಫಾ ನೋಡಿದ. ನನ್ನ ಸಿಟ್ಟು ಒಂದು ಚೂರೂ ಇಳಿದಿಲ್ಲ, ಈಗಲೂ ಇಳಿದಿಲ್ಲ, ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ಆದರೆ ಒಳಗೆ ಆ ಹೆಂಗಸು ಮೇಜು ಹಿಡಿದುಕೊಂಡು ಕೂತಿದ್ದಾರೆ, ಇವನನ್ನು ಹಾಗೇ ಕಳಿಸಿದರೆ ಊಟ ಮಾಡದೆ ಮಲಗುತ್ತಾರೆ, ನಾಳೆ ದೋಣಿಯಲ್ಲಿ ನಾನೇ ಅನುಭವಿಸಬೇಕು.

“ಸಾಮಾನು ಟ್ರಕ್ಕಲ್ಲೇ ಇರಲಿ,” ಅಂದೆ. “ಅಮ್ಮನ ಜೊತೆ ಕೂತು ಊಟ ಮಾಡು. ಮಾಡಿ ಹೊರಡು. ಮುಂದೆ ಬರೋದಿದ್ರೆ ಮೊದಲು ಫೋನ್ ಮಾಡಿ ಕೇಳು.”

ಜಗಳಕ್ಕೆ ನಿಲ್ಲುತ್ತಾನೆ ಎಂದುಕೊಂಡಿದ್ದೆ. ತನ್ನ ಹಳೆಯ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ, “ಒಳಗೆ ಬರಲಾ?” ಅಂದ.

“ಕಾಲು ಒರೆಸ್ಕೊಂಡು ಬಾ” ಅಂದೆ.

ಒರೆಸಿಕೊಂಡ.